ಸಂಬಂಧಿತ ಕೋಷ್ಟಕಗಳಲ್ಲಿ ಎಣಿಕೆ: ಒಂದು ಸಮೀಕ್ಷೆ

ಒಂದು ಕೋಷ್ಟಕದ ಪ್ರತಿಯೊಂದು ಸಾಲಿಗೂ ಇನ್ನೊಂದು ಕೋಷ್ಟಕದಲ್ಲಿ ಹೊಂದುವ ಸಾಲುಗಳು ಎಷ್ಟಿವೆ ಎಂಬ ಪ್ರಶ್ನೆಯು ದತ್ತಾಂಶದೊಡನೆ ವ್ಯವಹರಿಸುವವರೆಲ್ಲರಿಗೂ ನಿತ್ಯವೂ ಎದುರಾಗುವಂಥದು. ಯಾವ ಶಾಲೆಯಲ್ಲಿ ಎಷ್ಟು ಮಂದಿ ಶಿಕ್ಷಕರು, ಯಾವ ಗ್ರಾಮದಲ್ಲಿ ಎಷ್ಟು ಕೊಳವೆಬಾವಿ, ಯಾವ ಗಿರಾಕಿಯಿಂದ ಎಷ್ಟು ಆರ್ಡರು ಎಂದು ಕೇಳುವವರೆಲ್ಲ ಕೇಳುತ್ತಿರುವುದು ವಸ್ತುತಃ ಒಂದೇ ಪ್ರಶ್ನೆಯನ್ನು. ಎಣಿಕೆಯೆಂಬುದು ಮಕ್ಕಳು ಮೊದಲು ಕಲಿಯುವ ಗಣಿತಕ್ರಿಯೆಯಾದುದರಿಂದ ಇದರಲ್ಲಿ ತೊಡಕೇನಿದ್ದೀತು ಎಂದು ತೋರುವುದು ಸಹಜ. ಆದರೆ ಕಳೆದ ಅರ್ಧಶತಮಾನದಲ್ಲಿ ಈ ಪ್ರಶ್ನೆಗೆಂದು ರಚಿತವಾದ ವಿಧಾನಗಳನ್ನೂ, ಆ ವಿಧಾನಗಳಲ್ಲಿ ವಿದ್ವಾಂಸರು ಒಬ್ಬರಾದಮೇಲೊಬ್ಬರು ಕಂಡುಹಿಡಿದ ದೋಷಗಳನ್ನೂ ಸಾವಧಾನವಾಗಿ ಪರಿಶೀಲಿಸಿದವರಿಗೆ, ಎಲ್ಲ ವಿಧಾನಗಳ ಪರೀಕ್ಷೆಯೂ ಒಂದೇ ಎಡೆಯಲ್ಲಿ ನಡೆಯುತ್ತದೆಂಬುದು ಮನವರಿಕೆಯಾಗದಿರದು: ಹೊಂದುವ ಸಾಲು ಒಂದೂ ಇಲ್ಲದಿರುವಾಗ ಆ ವಿಧಾನವು ಕೊಡುವ ಉತ್ತರವೇನು ಎಂಬುದೇ ಆ ಎಡೆ.

ಪ್ರಶ್ನೆಯ ಮೂಲ

ಈ ವಿಷಯದ ಸೈದ್ಧಾಂತಿಕ ನೆಲೆಗಟ್ಟು 1970ರಲ್ಲಿ ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಸಂಶೋಧನಾಲಯದ ಎಡ್ಗರ್ ಕಾಡ್ ಅವರು ಪ್ರಕಟಿಸಿದ ಪ್ರಬಂಧದಲ್ಲಿದೆ. ದತ್ತಾಂಶವನ್ನು ಕೋಷ್ಟಕಗಳ ರೂಪದಲ್ಲಿ ಭಾವಿಸಬೇಕು, ಕೋಷ್ಟಕಗಳ ನಡುವಣ ಸಂಬಂಧವನ್ನು ಯಂತ್ರದ ಒಳಗಣ ವಿಳಾಸಗಳ ಕೊಂಡಿಗಳಿಗೆ ಬಿಡದೆ ಸಾಲುಗಳಲ್ಲಿರುವ ಮೌಲ್ಯಗಳ ಸಮಾನತೆಯಿಂದಲೇ ಗುರುತಿಸಬೇಕು ಎಂಬುದು ಅವರ ಪ್ರತಿಪಾದನೆಯ ಸಾರ. ಅವರ ಸಂಬಂಧ-ಬೀಜಗಣಿತದಲ್ಲಿ ಆಯ್ಕೆ, ಪ್ರಕ್ಷೇಪ, ಜೋಡಣೆಗಳೇ ಮೊದಲಾದ ಕ್ರಿಯೆಗಳಿದ್ದುವು. ಎಣಿಕೆಯು ಮಾತ್ರ ಇರಲಿಲ್ಲ. ಎಣಿಕೆ, ಮೊತ್ತ, ಸರಾಸರಿಗಳಂಥ ಸಮುಚ್ಚಯ ಕ್ರಿಯೆಗಳನ್ನು ಆ ಬೀಜಗಣಿತದೊಳಕ್ಕೆ ಶಾಸ್ತ್ರೋಕ್ತವಾಗಿ ಸೇರಿಸಿದ ಆಂಥನಿ ಕ್ಲಗ್ ಅವರ ಪ್ರಬಂಧವು ಬೆಳಕು ಕಂಡುದು 1982ರಲ್ಲಿ. ಆದರೆ ಬಳಕೆದಾರರ ಅವಶ್ಯಕತೆಯು ಶಾಸ್ತ್ರಕ್ಕಾಗಿ ಕಾದು ಕುಳಿತಿರಲಿಲ್ಲ. 1974ರಲ್ಲಿ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅವರು ರೂಪಿಸಿದ ಸೀಕ್ವೆಲ್ ಭಾಷೆಯಲ್ಲಿಯೇ ಎಣಿಕೆಗೆ ಸ್ಥಾನವಿದ್ದಿತು. ಆ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಗಿ, 1986ರಲ್ಲಿ ಅಮೆರಿಕದ ಮಾನಕವಾಗಿಯೂ 1987ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿಯೂ ಅಂಗೀಕೃತವಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಕಾಡ್ ಅವರ ಸಂಬಂಧವು ಗಣ. ಗಣದಲ್ಲಿ ಒಂದೇ ಸಾಲು ಎರಡು ಬಾರಿ ಬರಲಾರದು. ಎಸ್‌ಕ್ಯೂಎಲ್ ಕೋಷ್ಟಕಗಳಲ್ಲಾದರೋ ಪುನರಾವೃತ್ತಿಗೆ ಅವಕಾಶವಿದೆ. ಒಂದು ವಸ್ತುವು ಇದೆಯೋ ಇಲ್ಲವೋ ಎಂದು ಕೇಳುವಾಗ ಪುನರಾವೃತ್ತಿಯಿಂದ ಬಾಧೆಯಿಲ್ಲ. ಎಷ್ಟಿವೆ ಎಂದು ಕೇಳಿದ ಕ್ಷಣವೇ ಪ್ರತಿಯೊಂದು ನಕಲು ಸಾಲೂ ಉತ್ತರವನ್ನು ಬದಲಿಸುತ್ತದೆ. ಆದಕಾರಣ ಮಿಕ್ಕ ಕ್ವೆರಿಗಳಲ್ಲಿ ಕ್ಷಮ್ಯವಾದ ಅಜಾಗರೂಕತೆಯು ಎಣಿಕೆಯ ಕ್ವೆರಿಯಲ್ಲಿ ಸುಳ್ಳಾಗಿ ಪರಿಣಮಿಸುತ್ತದೆ.

ಮುಖ್ಯ ಮಾರ್ಗಗಳು

ವಿಷಯವು ಸ್ಫುಟವಾಗಲೆಂದು ಒಂದು ತಾಲ್ಲೂಕಿನ ಶಾಲೆಗಳ ದಾಖಲೆಯನ್ನು ಭಾವಿಸಿಕೊಳ್ಳೋಣ. ‘ಶಾಲೆ’ ಎಂಬ ಕೋಷ್ಟಕದಲ್ಲಿ ಶಾಲೆಗೊಂದು ಸಾಲು. ‘ಶಿಕ್ಷಕ’ ಎಂಬ ಕೋಷ್ಟಕದಲ್ಲಿ ಶಿಕ್ಷಕರಿಗೊಂದು ಸಾಲು, ಆ ಸಾಲಿನಲ್ಲಿ ಅವರು ಕೆಲಸಮಾಡುವ ಶಾಲೆಯ ಸಂಖ್ಯೆ. ಮೊದಲನೆಯ ಶಾಲೆಯಲ್ಲಿ ಮೂವರು ಶಿಕ್ಷಕರು, ಎರಡನೆಯದರಲ್ಲಿ ಒಬ್ಬರು, ಮೂರನೆಯದರಲ್ಲಿ ಯಾರೂ ಇಲ್ಲ. ಪ್ರತಿ ಶಾಲೆಯಲ್ಲಿಯೂ ಶಿಕ್ಷಕರೆಷ್ಟು ಎಂಬ ಪ್ರಶ್ನೆಗೆ ಮೂರು, ಒಂದು, ಸೊನ್ನೆ ಎಂಬುದೇ ಯಥಾರ್ಥವಾದ ಉತ್ತರ.

ಇದನ್ನು ಪಡೆಯಲು ಪ್ರಧಾನವಾಗಿ ಮೂರು ಮಾರ್ಗಗಳಿವೆ. ಶಾಲೆಯ ಸಾಲೊಂದನ್ನು ಹಿಡಿದು, ಅದರ ಸಂಖ್ಯೆಗೆ ಹೊಂದುವ ಶಿಕ್ಷಕರನ್ನು ಎಣಿಸುವ ಒಳಕ್ವೆರಿಯನ್ನು ಆ ಸಾಲಿನ ಪಕ್ಕದಲ್ಲಿಯೇ ಬರೆಯುವುದು ಮೊದಲನೆಯದು. ಎರಡೂ ಕೋಷ್ಟಕಗಳನ್ನು ಜಾಯಿನ್ ಮಾಡಿ, ಬಂದ ಸಾಲುಗಳನ್ನು ಗ್ರೂಪ್ ಬೈ ಮೂಲಕ ಶಾಲಾವಾರು ಗುಂಪುಗೂಡಿಸಿ, ಪ್ರತಿ ಗುಂಪನ್ನೂ ಎಣಿಸುವುದು ಎರಡನೆಯದು. ಶಿಕ್ಷಕರ ಕೋಷ್ಟಕವನ್ನು ಮೊದಲೇ ಶಾಲಾಸಂಖ್ಯೆಯ ಮೇರೆಗೆ ಗುಂಪುಗೂಡಿಸಿ ಎಣಿಸಿಟ್ಟು, ಆ ಚಿಕ್ಕ ಫಲಿತಾಂಶವನ್ನು ಅನಂತರ ಶಾಲೆಯ ಕೋಷ್ಟಕಕ್ಕೆ ಜೋಡಿಸುವುದು ಮೂರನೆಯದು. ಮಾನಕಕ್ಕೆ ತರುವಾಯ ಸೇರಿದ ಲ್ಯಾಟರಲ್ ಜೋಡಣೆಯು ಮೊದಲನೆಯ ಮಾರ್ಗದ ವಿಸ್ತಾರವೆನ್ನಬಹುದು; ವಿಂಡೋ ಫಂಕ್ಷನ್ನುಗಳಾದರೋ ವಿವರದ ಸಾಲುಗಳನ್ನು ಉಳಿಸಿಕೊಂಡೇ ಪಕ್ಕದಲ್ಲಿ ಎಣಿಕೆಯನ್ನು ತೋರಿಸಬೇಕಾದೆಡೆಯಲ್ಲಿ ಉಪಯುಕ್ತವಾಗುತ್ತವೆ.

ಇವುಗಳಲ್ಲಿ ಒಳಕ್ವೆರಿಯ ಮಾರ್ಗಕ್ಕೆ ಒಂದು ಸಹಜವಾದ ಗುಣವಿದೆ: ಹೊಂದುವ ಸಾಲಿಲ್ಲದಿದ್ದರೆ ಅದು ತಾನಾಗಿಯೇ ಸೊನ್ನೆಯನ್ನು ಕೊಡುತ್ತದೆ, ಶಾಲೆಯ ಸಾಲಿಗೆ ಯಾವ ಹಾನಿಯೂ ತಟ್ಟುವುದಿಲ್ಲ. ಮಿಕ್ಕೆರಡು ಮಾರ್ಗಗಳು ಈ ಗುಣವನ್ನು ಪ್ರಯತ್ನಪೂರ್ವಕವಾಗಿ ಸಂಪಾದಿಸಿಕೊಳ್ಳಬೇಕು.

ಎಣಿಕೆ ತಪ್ಪುವ ಎಡೆಗಳು

ಎರಡನೆಯ ಮಾರ್ಗದಲ್ಲಿ ಸಾಧಾರಣ ಜಾಯಿನ್ ಬಳಸಿದರೆ ಮೂರನೆಯ ಶಾಲೆಯು ಫಲಿತಾಂಶದಿಂದ ಸಂಪೂರ್ಣವಾಗಿ ಮಾಯವಾಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ, ಪಟ್ಟಿಯಲ್ಲಿ ಒಂದು ಸಾಲು ಕಡಮೆಯಾಗಿರುತ್ತದೆ, ಅಷ್ಟೆ. ಇದನ್ನು ತಡೆಯಲು ಲೆಫ್ಟ್ ಜಾಯಿನ್ ಬಳಸಬೇಕು. 1992ರ ಮಾನಕವು ಈ ಜೋಡಣೆಗೆ ಸ್ಥಿರವಾದ ವಾಕ್ಯರೂಪವನ್ನು ಕೊಡುವವರೆಗೆ ಆಯಾ ತಯಾರಕರು ತಮತಮಗೆ ತೋಚಿದ ಚಿಹ್ನೆಗಳನ್ನು ಬಳಸುತ್ತಿದ್ದರು. ಒರಾಕಲ್ಲಿನ ಆವರಣದೊಳಗಿನ ಕೂಡು ಚಿಹ್ನೆಯನ್ನು ಹಳಬರು ಇಂದಿಗೂ ಮರೆತಿಲ್ಲ. ಆದರೆ ಲೆಫ್ಟ್ ಜಾಯಿನ್ ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೊಂದುವ ಶಿಕ್ಷಕರಿಲ್ಲದ ಶಾಲೆಗೂ ಈ ಜೋಡಣೆಯು ಒಂದು ಸಾಲನ್ನು ಉಳಿಸಿಕೊಡುತ್ತದೆ, ಶಿಕ್ಷಕರ ಕಾಲಮ್ಮುಗಳಲ್ಲಿ ನಲ್ ತುಂಬಿರುತ್ತದೆ. ಕೌಂಟ್ ಎಂಬುದರ ಆವರಣದಲ್ಲಿ ನಕ್ಷತ್ರ ಚಿಹ್ನೆಯನ್ನಿಟ್ಟರೆ ಅದು ಸಾಲುಗಳನ್ನು ಎಣಿಸುವುದಾದ ಕಾರಣ, ಯಾರೂ ಇಲ್ಲದ ಶಾಲೆಯಲ್ಲಿ ಒಬ್ಬ ಶಿಕ್ಷಕರಿದ್ದಾರೆಂದು ಸಾರುತ್ತದೆ. ಶಿಕ್ಷಕರ ಕೋಷ್ಟಕದ ಪ್ರೈಮರಿ ಕೀಯನ್ನು ಆವರಣದಲ್ಲಿಟ್ಟರೆ ಮಾತ್ರ ನಲ್ ಕೈಬಿಟ್ಟುಹೋಗಿ ಸೊನ್ನೆ ದೊರೆಯುತ್ತದೆ. ಮೊದಲ ತಪ್ಪಿನಲ್ಲಿ ಶಾಲೆಯೇ ಇಲ್ಲವಾಯಿತು; ಎರಡನೆಯದರಲ್ಲಿ ಇಲ್ಲದ ಶಿಕ್ಷಕರು ಹುಟ್ಟಿಕೊಂಡರು. ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಶೂನ್ಯ ಶಿಕ್ಷಕರ ಶಾಲೆಯು ಏಕೋಪಾಧ್ಯಾಯ ಶಾಲೆಗಳ ನಡುವೆ ಬೆರೆತುಹೋಗಿ, ನೋಡುವವರಿಗೆ ಸಂಶಯವೇ ಬರದಂತಾಗುತ್ತದೆ.

ಷರತ್ತನ್ನು ಇಡುವ ಸ್ಥಾನವೂ ಹೀಗೆಯೇ ವಂಚಿಸಬಲ್ಲುದು. ಗಣಿತ ಬೋಧಿಸುವ ಶಿಕ್ಷಕರನ್ನಷ್ಟೆ ಎಣಿಸಬೇಕೆಂದು, ವಿಷಯವು ಗಣಿತವಾಗಿರಬೇಕೆಂಬ ನಿಯಮವನ್ನು ವೇರ್ ಭಾಗದಲ್ಲಿ ಬರೆದರೆ, ಲೆಫ್ಟ್ ಜಾಯಿನ್ ಉಳಿಸಿಕೊಟ್ಟ ನಲ್ ಸಾಲುಗಳು ಆ ಜರಡಿಯಲ್ಲಿ ಉದುರಿಹೋಗಿ, ಗಣಿತ ಶಿಕ್ಷಕರಿಲ್ಲದ ಶಾಲೆಗಳೆಲ್ಲವೂ ಪಟ್ಟಿಯಿಂದ ಹೊರಬೀಳುತ್ತವೆ. ಅದೇ ನಿಯಮವನ್ನು ಜೋಡಣೆಯ ಆನ್ ಭಾಗದಲ್ಲಿಟ್ಟರೆ ಆ ಶಾಲೆಗಳು ಸೊನ್ನೆಯೊಡನೆ ಉಳಿಯುತ್ತವೆ. ಗಣಿತ ಶಿಕ್ಷಕರಿಲ್ಲದ ಶಾಲೆಗಳಾವುವು ಎಂದು ತಿಳಿಯಲೆಂದೇ ಬಹುಶಃ ಆ ಪಟ್ಟಿಯನ್ನು ಕೇಳಿರುತ್ತಾರೆಂಬುದನ್ನು ನೆನೆದರೆ, ಒಂದು ನಿಯಮವನ್ನು ಎಲ್ಲಿ ಬರೆಯಬೇಕೆಂಬ ಈ ಅಲ್ಪ ವಿವೇಚನೆಯ ಮಹತ್ತ್ವವು ತಿಳಿದೀತು.

ಇನ್ನೊಂದು ದೋಷವು ಇದಕ್ಕೆ ವಿರುದ್ಧವಾದ ದಿಕ್ಕಿನದು. ಮೊದಲನೆಯ ಶಾಲೆಗೆ ಮೂವರು ಶಿಕ್ಷಕರೂ ನಾಲ್ಕು ಕೊಠಡಿಗಳೂ ಇವೆಯೆನ್ನೋಣ. ಶಿಕ್ಷಕ, ಕೊಠಡಿ ಎಂಬ ಎರಡು ಕೋಷ್ಟಕಗಳನ್ನೂ ಒಂದೇ ಕ್ವೆರಿಯಲ್ಲಿ ಶಾಲೆಗೆ ಜೋಡಿಸಿದರೆ, ಪ್ರತಿ ಶಿಕ್ಷಕರೂ ಪ್ರತಿ ಕೊಠಡಿಯೊಡನೆ ಜೊತೆಗೂಡಿ ಹನ್ನೆರಡು ಸಾಲುಗಳಾಗುತ್ತವೆ, ಶಿಕ್ಷಕರು ಹನ್ನೆರಡು, ಕೊಠಡಿಗಳೂ ಹನ್ನೆರಡು ಎಂದು ಉತ್ತರ ಬರುತ್ತದೆ. ಕೌಂಟ್ ಡಿಸ್ಟಿಂಕ್ಟ್ ಬಳಸಿ ಎಣಿಕೆಯನ್ನು ಸರಿಪಡಿಸಬಹುದಾದರೂ, ಸಂಬಳದ ಮೊತ್ತವನ್ನು ಅದೇ ಕ್ವೆರಿಯಲ್ಲಿ ಕೇಳಿದಾಗ ಆ ಉಪಾಯವು ಕೈಕೊಡುತ್ತದೆ. ಒಂದೇ ಸಂಬಳ ಪಡೆಯುವ ಇಬ್ಬರು ಶಿಕ್ಷಕರು ಡಿಸ್ಟಿಂಕ್ಟಿನ ದೃಷ್ಟಿಯಲ್ಲಿ ಒಬ್ಬರೇ ಆಗಿಬಿಡುವರು. ಎರಡು ಬೇರೆಬೇರೆ ಸಂಬಂಧಗಳನ್ನು ಎಣಿಸಬೇಕಾದೆಡೆಯಲ್ಲಿ ಅವನ್ನು ಪ್ರತ್ಯೇಕವಾಗಿ ಎಣಿಸಿ ಅನಂತರ ಜೋಡಿಸುವ ಮೂರನೆಯ ಮಾರ್ಗವೇ ನಿರಪಾಯವಾದುದು. ಅಲ್ಲಿಯೂ ಸೊನ್ನೆಯ ಚಿಂತೆ ತಪ್ಪಿದ್ದಲ್ಲ: ಎಣಿಕೆಯೇ ನಡೆಯದ ಶಾಲೆಗೆ ನಲ್ ಬರುವುದರಿಂದ, ಅದನ್ನು ಕೋಅಲೆಸ್ ಮೂಲಕ ಸೊನ್ನೆಯಾಗಿ ಮಾರ್ಪಡಿಸಬೇಕು.

ವಿದ್ವಾಂಸರ ಒಂದು ಪ್ರಸಿದ್ಧ ಪ್ರಮಾದ

ಇಂಥ ತಪ್ಪುಗಳು ಹೊಸಬರಿಗೆ ಮಾತ್ರ ಮೀಸಲೆಂದು ಯಾರೂ ಭಾವಿಸಬಾರದೆಂಬುದಕ್ಕೆ ಈ ಶಾಸ್ತ್ರದ ಇತಿಹಾಸವೇ ಸಾಕ್ಷಿಯಾಗಿದೆ. ಹೊರಗಿನ ಪ್ರತಿ ಸಾಲಿಗೂ ಒಳಕ್ವೆರಿಯನ್ನು ಮತ್ತೆಮತ್ತೆ ನಡೆಸುವುದು ವ್ಯಯಸಾಧ್ಯವಾದ ಕಾರಣ, 1982ರಲ್ಲಿ ವಾನ್ ಕಿಮ್ ಅವರು ಒಳಕ್ವೆರಿಗಳನ್ನು ಜೋಡಣೆಗಳಾಗಿ ಪರಿವರ್ತಿಸುವ ಕ್ರಮವೊಂದನ್ನು ಪ್ರಕಟಿಸಿದರು. ಒಳಗಿನ ಕೋಷ್ಟಕವನ್ನು ಮೊದಲೇ ಗುಂಪುಗೂಡಿಸಿ ಎಣಿಸಿ, ತಾತ್ಕಾಲಿಕ ಕೋಷ್ಟಕವೊಂದನ್ನು ಮಾಡಿಕೊಂಡು, ಅದನ್ನು ಹೊರಗಿನ ಕೋಷ್ಟಕಕ್ಕೆ ಸಾಧಾರಣ ಜೋಡಣೆಯಿಂದ ಸೇರಿಸುವುದು ಅವರ ಸೂಚನೆ. 1984ರಲ್ಲಿ ವರ್ನರ್ ಕೀಸ್ಲಿಂಗ್ ಅವರು ಈ ಕ್ರಮವು ಎಣಿಕೆಯ ವಿಷಯದಲ್ಲಿ ತಪ್ಪು ಉತ್ತರ ಕೊಡುವುದನ್ನು ತೋರಿಸಿದರು. ಅದೇ ‘ಕೌಂಟ್ ಬಗ್’ ಎಂದು ಇಂದಿಗೂ ಪಠ್ಯಗಳಲ್ಲಿ ಉಳಿದುಬಂದಿದೆ.

ಆ ಚರ್ಚೆಯ ಉದಾಹರಣೆಯನ್ನು ಸಮೀಪದಿಂದ ನೋಡುವುದು ಪ್ರಯೋಜನಕರ. ಬಿಡಿಭಾಗಗಳ ಕೋಷ್ಟಕದಲ್ಲಿ ಮೂರು ಭಾಗಗಳು. 3ನೆಯ ಸಂಖ್ಯೆಯದರ ದಾಸ್ತಾನು 6, 10ನೆಯದರದು 1, 8ನೆಯದರದು 0. ಸರಬರಾಜಿನ ಕೋಷ್ಟಕದಲ್ಲಿ, 1980ಕ್ಕಿಂತ ಮುಂಚೆ 3ನೆಯ ಭಾಗವು ಎರಡು ಸಲವೂ 10ನೆಯದು ಒಂದು ಸಲವೂ ಬಂದಿವೆ. 8ನೆಯದು ಬಂದಿರುವುದು 1980ರ ತರುವಾಯವೇ. ಯಾವ ಭಾಗಗಳ ದಾಸ್ತಾನು 1980ಕ್ಕೆ ಮುಂಚಿನ ಸರಬರಾಜುಗಳ ಸಂಖ್ಯೆಗೆ ಸಮಾನವಾಗಿದೆ ಎಂಬುದು ಪ್ರಶ್ನೆ. ಉತ್ತರವು 10 ಮತ್ತು 8. ಏಕೆಂದರೆ 8ನೆಯದರಲ್ಲಿ ದಾಸ್ತಾನೂ ಸೊನ್ನೆ, ಸರಬರಾಜೂ ಸೊನ್ನೆ. ಕಿಮ್ ಅವರ ಕ್ರಮದಲ್ಲಾದರೋ ತಾತ್ಕಾಲಿಕ ಕೋಷ್ಟಕದಲ್ಲಿ 8ನೆಯ ಭಾಗಕ್ಕೆ ಸಾಲೇ ಹುಟ್ಟದ ಕಾರಣ 10 ಮಾತ್ರ ಉಳಿಯುತ್ತದೆ. 1987ರಲ್ಲಿ ರಿಚರ್ಡ್ ಗ್ಯಾನ್‌ಸ್ಕಿ ಮತ್ತು ಹ್ಯಾರಿ ವಾಂಗ್ ಅವರು ಔಟರ್ ಜಾಯಿನ್ ಮೂಲಕ ಇದಕ್ಕೆ ಪರಿಹಾರ ಸೂಚಿಸಿದರಲ್ಲದೆ, ಹೊರಗಿನ ಕೋಷ್ಟಕದಲ್ಲಿ ಪುನರಾವೃತ್ತಿಯಿದ್ದಾಗಲೂ ಸಮಾನತೆಯ ಹೊರತಾದ ಹೋಲಿಕೆಯಿದ್ದಾಗಲೂ ತಲೆದೋರುವ ಬೇರೆ ದೋಷಗಳನ್ನು ಎತ್ತಿ ತೋರಿಸಿದರು. ಅದೇ ವರ್ಷ ಉಮೇಶ್ ದಯಾಳ್ ಅವರು ಈ ಎಲ್ಲ ಬಗೆಯ ಕ್ವೆರಿಗಳಿಗೂ ಏಕರೂಪವಾದ ನಿರೂಪಣೆಯನ್ನು ಕೊಟ್ಟರು. 2001ರಲ್ಲಿ ಗಾಲಿಂಡೋ-ಲೆಗಾರಿಯಾ ಮತ್ತು ಜೋಶಿ ಅವರೂ, 2015ರಲ್ಲಿ ನಾಯ್‌ಮನ್ ಮತ್ತು ಕೆಂಪರ್ ಅವರೂ ಈ ಪರಂಪರೆಯನ್ನು ಮುಂದುವರಿಸಿದರು. ಒಂದು ಸೊನ್ನೆಯನ್ನು ಕಾಪಾಡಿಕೊಳ್ಳುವುದಕ್ಕಾಗಿ ಮೂರು ದಶಕಗಳ ವಿದ್ವತ್ಪರಿಶ್ರಮವು ವಿನಿಯೋಗವಾದುದು ಅತಿಶಯವೇನೂ ಅಲ್ಲ. ಉತ್ತರವು ವೇಗವಾಗಿ ಬರುವುದಕ್ಕಿಂತ ಮೊದಲು ಸರಿಯಾಗಿರಬೇಕೆಂಬ ಧರ್ಮವನ್ನು ಅವರು ಬಿಡಲಿಲ್ಲ.

ವೇಗ ಮತ್ತು ವ್ಯಯ

ಸತ್ಯವು ಸಿದ್ಧಿಸಿದ ಮೇಲೆ ವೇಗದ ವಿಚಾರ. ಐವತ್ತು ಸಾವಿರ ಶಾಲೆಗಳೂ ಎರಡು ಲಕ್ಷ ಶಿಕ್ಷಕರೂ ಇರುವ ದಾಖಲೆಯಲ್ಲಿ, ಪ್ರತಿ ಶಾಲೆಗೂ ಶಿಕ್ಷಕರ ಕೋಷ್ಟಕವನ್ನು ಆದ್ಯಂತ ಓದುವುದಾದರೆ ಸಾವಿರ ಕೋಟಿ ಹೋಲಿಕೆಗಳಾಗುತ್ತವೆ. ಶಿಕ್ಷಕರ ಕೋಷ್ಟಕದ ಶಾಲಾಸಂಖ್ಯೆಯ ಮೇಲೆ ಇಂಡೆಕ್ಸ್ ಇದ್ದರೆ ಅದು ಐವತ್ತು ಸಾವಿರ ಕಿರು ಹುಡುಕಾಟಗಳಿಗೆ ಇಳಿಯುತ್ತದೆ. ಹ್ಯಾಶ್ ಜೋಡಣೆಯಲ್ಲಿ ಎರಡೂ ಕೋಷ್ಟಕಗಳನ್ನು ಒಮ್ಮೊಮ್ಮೆ ಓದಿದರೆ ಸಾಕು. ಆ ಇಂಡೆಕ್ಸ್ ತಾನಾಗಿಯೇ ಇರುತ್ತದೆಂದು ನಂಬುವಂತಿಲ್ಲ: ಮೈಎಸ್‌ಕ್ಯೂಎಲ್‌ನ ಇನೋಡಿಬಿಯು ಫಾರಿನ್ ಕೀಗೆ ಅದನ್ನು ಒದಗಿಸಿಕೊಳ್ಳುತ್ತದೆ, ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲ, ಅದನ್ನು ನಾವೇ ಕಟ್ಟಿಕೊಡಬೇಕು. ಒಂದೇ ಶಾಲೆಯ ಎಣಿಕೆ ಬೇಕಾದಾಗ ಇಂಡೆಕ್ಸ್ ಸಹಿತವಾದ ಒಳಕ್ವೆರಿಯೂ, ಎಲ್ಲ ಶಾಲೆಗಳ ಎಣಿಕೆ ಬೇಕಾದಾಗ ಒಟ್ಟಿಗೆ ಗುಂಪುಗೂಡಿಸುವ ಕ್ರಮವೂ ಸಾಮಾನ್ಯವಾಗಿ ಮೇಲು. ಪ್ರೋಗ್ರಾಮಿನ ಲೂಪಿನೊಳಗಿಂದ ಶಾಲೆಗೊಂದರಂತೆ ಬೇರೆಬೇರೆ ಕ್ವೆರಿಗಳನ್ನು ಕಳುಹಿಸುವ ರೂಢಿಯು ಮಾತ್ರ ಸರ್ವಥಾ ತ್ಯಾಜ್ಯ. ಅಲ್ಲಿ ಎಣಿಕೆಗಿಂತ ಹೋಗಿಬರುವುದಕ್ಕೇ ಹೆಚ್ಚು ಕಾಲ ಸಲ್ಲುತ್ತದೆ.

ಎಷ್ಟಿವೆ ಎಂಬುದೂ ಇದೆಯೇ ಎಂಬುದೂ ಬೇರೆಬೇರೆ ಪ್ರಶ್ನೆಗಳೆಂಬುದನ್ನೂ ನೆನಪಿಡಬೇಕು. ಶಾಲೆಯಲ್ಲಿ ಒಬ್ಬರಾದರೂ ಇದ್ದಾರೆಯೇ ಎಂದು ತಿಳಿಯಲು ಎಣಿಸಿ ಸೊನ್ನೆಯೊಡನೆ ಹೋಲಿಸುವುದಕ್ಕಿಂತ ಎಕ್ಸಿಸ್ಟ್ಸ್ ಬಳಸುವುದು ಯುಕ್ತ. ಅದು ಮೊದಲ ಸಾಲು ಸಿಕ್ಕೊಡನೆಯೇ ನಿಲ್ಲುತ್ತದೆ.

ಕೂಡಿಟ್ಟ ಎಣಿಕೆ ಮತ್ತು ಅಂದಾಜು

ಪ್ರತಿ ಬಾರಿಯೂ ಎಣಿಸುವ ಬದಲು ಎಣಿಕೆಯನ್ನೇ ಶಾಲೆಯ ಸಾಲಿನಲ್ಲಿ ಬರೆದಿಡಬಹುದಲ್ಲವೇ ಎಂಬ ಪ್ರಶ್ನೆಯು ನ್ಯಾಯವಾದುದೇ. ಆಗ ಓದುವುದು ಸುಲಭವಾಗುತ್ತದೆ, ಬರೆಯುವುದು ಕಷ್ಟವಾಗುತ್ತದೆ. ಇಬ್ಬರು ಏಕಕಾಲದಲ್ಲಿ ಹಳೆಯ ಎಣಿಕೆಯನ್ನು ಓದಿ, ತಲಾ ಒಂದನ್ನು ಕೂಡಿಸಿ ಬರೆದರೆ, ಎರಡು ಏರಬೇಕಾದಲ್ಲಿ ಒಂದೇ ಏರುತ್ತದೆ. ಇದನ್ನು ತಡೆಯಲು ಸಾಲಿಗೆ ಬೀಗ ಹಾಕಿದರೆ ಎಲ್ಲರೂ ಆ ಒಂದು ಸಾಲಿನ ಮುಂದೆ ಸರತಿ ನಿಲ್ಲಬೇಕಾಗುತ್ತದೆ. ಈ ಹೊಣೆಯನ್ನು ದತ್ತಾಂಶ ವ್ಯವಸ್ಥೆಗೇ ಒಪ್ಪಿಸುವ ಉಪಾಯವೂ ಉಂಟು. 1993ರಲ್ಲಿ ಗುಪ್ತ, ಮುಮಿಕ್ ಮತ್ತು ಸುಬ್ರಹ್ಮಣ್ಯನ್ ಅವರು, ಮೂಲ ಕೋಷ್ಟಕಗಳು ಬದಲಾದಂತೆ ಕೂಡಿಟ್ಟ ಫಲಿತಾಂಶವನ್ನು ಅಷ್ಟಷ್ಟೇ ತಿದ್ದಿಕೊಂಡು ಹೋಗಲು ಪ್ರತಿ ಸಾಲಿನ ಎಣಿಕೆಯನ್ನೇ ಸಾಧನವಾಗಿ ಬಳಸುವ ಕ್ರಮವನ್ನು ಪ್ರತಿಪಾದಿಸಿದರು. ಎಸ್‌ಕ್ಯೂಎಲ್ ಸರ್ವರಿನ ಇಂಡೆಕ್ಸ್ಡ್ ವ್ಯೂನಲ್ಲಿ ಗುಂಪುಗೂಡಿಸುವಾಗ ಕೌಂಟ್ ಬಿಗ್ ಕಡ್ಡಾಯವಾಗಿರುವುದರ ಹಿಂದೆಯೂ ಇದೇ ತತ್ತ್ವವಿದೆ. ಆದರೆ ಆ ವ್ಯೂನಲ್ಲಿ ಔಟರ್ ಜಾಯಿನ್‌ಗೆ ಅವಕಾಶವಿಲ್ಲ. ಆದುದರಿಂದ ಶೂನ್ಯ ಶಿಕ್ಷಕರ ಶಾಲೆಯು ಅಲ್ಲಿಯೂ ಕಾಣದೆ ಹೋಗುತ್ತದೆ, ಓದುವಾಗ ನಾವೇ ಅದನ್ನು ಮರಳಿ ಸೇರಿಸಿಕೊಳ್ಳಬೇಕಾಗುತ್ತದೆ.

ಕೋಟ್ಯಂತರ ಸಾಲುಗಳ ನಡುವೆ ಭಿನ್ನ ಮೌಲ್ಯಗಳೆಷ್ಟು ಎಂಬ ಅಂದಾಜು ಸಾಕೆನ್ನುವೆಡೆಯಲ್ಲಿ, 2007ರಲ್ಲಿ ಫಿಲಿಪ್ ಫ್ಲಾಜೊಲೆ ಮತ್ತು ಸಂಗಡಿಗರು ಪ್ರಕಟಿಸಿದ ಹೈಪರ್‌ಲಾಗ್‌ಲಾಗ್ ಕ್ರಮವು ಒಂದೂವರೆ ಕಿಲೋಬೈಟಿನಷ್ಟು ಸ್ಮೃತಿಯಲ್ಲಿ, ನೂರು ಕೋಟಿಗೂ ಮೀರಿದ ಸಂಖ್ಯೆಯನ್ನು ಸುಮಾರು ಶೇಕಡ 2ರಷ್ಟು ವ್ಯತ್ಯಾಸದೊಳಗೆ ಹೇಳಬಲ್ಲುದು. ಜನಸಂದಣಿಯ ಜಾಲತಾಣಗಳ ಸಂದರ್ಶಕರನ್ನು ಎಣಿಸಲು ಇದು ಒಪ್ಪುವುದಾದರೂ, ಶಾಲೆಗೆ ಶಿಕ್ಷಕರನ್ನು ಹಂಚುವ ಆಡಳಿತಕ್ಕೆ ಅಂದಾಜು ಸಾಲದು.

ಎಕ್ಸೆಲ್ ಮತ್ತು ಇತರ ಸಾಧನಗಳು

ನಮ್ಮ ಕಚೇರಿಗಳಲ್ಲಿ ಬಹುಪಾಲು ಎಣಿಕೆಯು ಎಕ್ಸೆಲ್ ಹಾಳೆಗಳಲ್ಲಿ ನಡೆಯುತ್ತದೆ. ಅಲ್ಲಿನ ಕೌಂಟ್‌ಇಫ್ ಸೂತ್ರವು ಒಳಕ್ವೆರಿಯ ಸಹೋದರನಂತಿದ್ದು, ಹೊಂದಿಕೆಯಿಲ್ಲದೆಡೆಯಲ್ಲಿ ಸೊನ್ನೆಯನ್ನೇ ಕೊಡುತ್ತದೆ. ಆದರೆ ಅಂಕಿಗಳಂತೆ ಕಾಣುವ ಅಕ್ಷರಪಾಠವನ್ನು ಅದು ಸಂಖ್ಯೆಯೆಂದು ಗ್ರಹಿಸುವುದರಿಂದಲೂ, ಎಕ್ಸೆಲ್ಲಿನ ಸಂಖ್ಯೆಗಳಲ್ಲಿ ಹದಿನೈದು ಅಂಕಿಗಳವರೆಗೆ ಮಾತ್ರ ನಿಖರತೆಯಿರುವುದರಿಂದಲೂ, ಕೊನೆಯ ಅಂಕಿಯಲ್ಲಷ್ಟೆ ಭಿನ್ನವಾದ ಹದಿನಾರು ಅಂಕಿಗಳ ಎರಡು ಖಾತೆಸಂಖ್ಯೆಗಳು ಅದರ ಕಣ್ಣಿಗೆ ಒಂದೇ. ಪವರ್ ಕ್ವೆರಿಯಲ್ಲಿ ಎರಡು ಕೋಷ್ಟಕಗಳನ್ನು ಮರ್ಜ್ ಮಾಡಿದಾಗ ಪ್ರತಿ ಸಾಲಿನಲ್ಲಿಯೂ ಹೊಂದುವ ಸಾಲುಗಳ ಒಳಕೋಷ್ಟಕವೊಂದು ಕೂಡುತ್ತದೆ. ಅದನ್ನು ಬಿಡಿಸಿ ಹರಡುವ ಮೊದಲೇ ಟೇಬಲ್ ರೋಕೌಂಟ್ ಮೂಲಕ ಎಣಿಸಿದರೆ ಬರಿದಾದ ಒಳಕೋಷ್ಟಕಕ್ಕೆ ಸೊನ್ನೆ ಬರುತ್ತದೆ. ಪವರ್ ಬಿಐನಲ್ಲಿ ಬಳಸುವ ಡ್ಯಾಕ್ಸ್ ಭಾಷೆಯ ಕೌಂಟ್‌ರೋಸ್ ಇದಕ್ಕೆ ಭಿನ್ನ: ಸಾಲುಗಳಿಲ್ಲದಿದ್ದರೆ ಅದು ಕೊಡುವುದು ಸೊನ್ನೆಯನ್ನಲ್ಲ, ಖಾಲಿಯನ್ನು, ವರದಿಗಳು ಖಾಲಿ ಉತ್ತರದ ಸಾಲನ್ನು ಸಾಮಾನ್ಯವಾಗಿ ತೋರಿಸದೆ ಬಿಡುವುದರಿಂದ, ಸೊನ್ನೆಯನ್ನು ಕೂಡಿಸಿ ಬರೆಯುವ ವಾಡಿಕೆ ಬೆಳೆದಿದೆ.

ಹೊಂದಿಕೆಯ ಸ್ವರೂಪ

ಎಣಿಕೆಯು ಎಷ್ಟೇ ಶುದ್ಧವಾಗಿದ್ದರೂ, ಎರಡು ಸಾಲುಗಳು ಹೊಂದುತ್ತವೆಂದು ನಿರ್ಣಯಿಸುವ ಕ್ರಮವು ಅಶುದ್ಧವಾಗಿದ್ದರೆ ಫಲವಿಲ್ಲ. ಶಾಲಾಸಂಖ್ಯೆಯೇ ನಲ್ ಆಗಿರುವ ಶಿಕ್ಷಕರು ಯಾವ ಶಾಲೆಗೂ ಸೇರುವುದಿಲ್ಲ. ನಲ್ ಎಂಬುದು ಇನ್ನೊಂದು ನಲ್‌ಗೂ ಸಮವಲ್ಲ. ಕನ್ನಡದಲ್ಲಿ ದಾಖಲೆಗಳನ್ನಿಡುವವರಿಗೆ ಇಲ್ಲಿ ವಿಶೇಷವಾದ ಎಚ್ಚರ ಬೇಕು. ‘ಕೋಲಾರ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಬಿಡಿ ಸಂಕೇತಗಳ ಸಾಲಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ಆಗಿ ಕಾಣುವ ಈ ಎರಡು ಹೆಸರುಗಳು ಯಂತ್ರದ ನೇರ ಹೋಲಿಕೆಯಲ್ಲಿ ಬೇರೆಬೇರೆ. ಅಂತೆಯೇ ಅರ್ಧಾಕ್ಷರದಿಂದ ಮುಗಿಯುವ ಹೆಸರುಗಳ ಕೊನೆಯಲ್ಲಿ ಕೆಲವು ಕೀಲಿಮಣೆಗಳು ಕಾಣದ ವಿಭಜಕ ಚಿಹ್ನೆಯೊಂದನ್ನು ಸೇರಿಸಿರುತ್ತವೆ. ಮೊದಲನೆಯದನ್ನು ಯೂನಿಕೋಡಿನ ಸಾಮಾನ್ಯೀಕರಣದಿಂದ ಪರಿಹರಿಸಬಹುದು. ಎರಡನೆಯದನ್ನು ನಾವೇ ಹುಡುಕಿ ತೆಗೆಯಬೇಕು. ಎರಡಕ್ಕಿಂತಲೂ ಮೇಲಾದುದು, ಊರನ್ನು ಹೆಸರಿನಿಂದ ಹೊಂದಿಸದೆ, ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯು ಕೊಟ್ಟಿರುವಂಥ ಸ್ಥಿರವಾದ ಸಂಕೇತಸಂಖ್ಯೆಯಿಂದ ಹೊಂದಿಸುವುದು.

ತಾಳೆ ನೋಡುವ ಕರ್ತವ್ಯ

ಮೇಲ್ಕಂಡ ವಿಧಾನಗಳಲ್ಲಿ ಯಾವುದೊಂದೂ ಎಲ್ಲ ಸಂದರ್ಭಕ್ಕೂ ಶ್ರೇಷ್ಠವಲ್ಲ. ಆದರೆ ಎಲ್ಲಕ್ಕೂ ಅನ್ವಯಿಸುವ ಪರೀಕ್ಷೆಗಳು ಎರಡಿವೆ, ಎರಡೂ ಅತ್ಯಂತ ಸರಳ. ಫಲಿತಾಂಶದ ಸಾಲುಗಳು ಶಾಲೆಯ ಕೋಷ್ಟಕದ ಸಾಲುಗಳಷ್ಟೇ ಇರಬೇಕು. ಎಲ್ಲ ಶಾಲೆಗಳ ಎಣಿಕೆಯ ಮೊತ್ತಕ್ಕೆ ಯಾವ ಶಾಲೆಗೂ ಹೊಂದದ ಶಿಕ್ಷಕರ ಸಂಖ್ಯೆಯನ್ನು ಕೂಡಿಸಿದರೆ ಶಿಕ್ಷಕರ ಕೋಷ್ಟಕದ ಒಟ್ಟು ಸಾಲುಗಳು ಬರಬೇಕು. ಮೊದಲನೆಯದು ತಪ್ಪಿದರೆ ಶಾಲೆ ಮಾಯವಾಗಿದೆ ಇಲ್ಲವೆ ಇಮ್ಮಡಿಯಾಗಿದೆ. ಎರಡನೆಯದು ತಪ್ಪಿದರೆ ಇಲ್ಲದವರು ಹುಟ್ಟಿದ್ದಾರೆ ಇಲ್ಲವೆ ಇದ್ದವರು ಬಿಟ್ಟುಹೋಗಿದ್ದಾರೆ. ವಿಷಯದ ಷರತ್ತಿರುವ ಎಣಿಕೆಯಲ್ಲಿ ಆ ಷರತ್ತಿಗೆ ಸಲ್ಲುವ ಶಿಕ್ಷಕರ ಒಟ್ಟು ಸಂಖ್ಯೆಯೊಡನೆ ತಾಳೆ ನೋಡಬೇಕು.

ಈ ಶ್ರಮವನ್ನು ವಹಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣ ಶಾಸ್ತ್ರೀಯವಾದುದಷ್ಟೇ ಅಲ್ಲ. ಹೊಂದುವ ಸಾಲಿಲ್ಲದ ಸಾಲು ಎಂದರೆ ವ್ಯವಹಾರದಲ್ಲಿ ಶಿಕ್ಷಕರಿಲ್ಲದ ಶಾಲೆ, ನೀರಿಲ್ಲದ ಗ್ರಾಮ, ಒಮ್ಮೆಯೂ ವೈದ್ಯರನ್ನು ಕಾಣದ ರೋಗಿ. ಯಾರ ಸ್ಥಿತಿಯನ್ನು ಅರಿಯುವುದಕ್ಕಾಗಿ ಎಣಿಕೆಯು ಮುಖ್ಯವಾಗಿ ನಡೆಯಬೇಕೋ, ಅಜಾಗರೂಕವಾದ ಕ್ವೆರಿಯು ಮೊದಲು ಕೈಬಿಡುವುದು ಅವರನ್ನೇ. ಹಾಗೆ ಕೈಬಿಟ್ಟ ಪಟ್ಟಿಯಿಂದ ತೆಗೆದ ಸರಾಸರಿಯು ನಿಜಸ್ಥಿತಿಗಿಂತ ಉತ್ತಮವಾಗಿಯೇ ಕಾಣುತ್ತದೆ. ನಾಲ್ವರು ಶಿಕ್ಷಕರನ್ನು ಮೂರು ಶಾಲೆಗಳಿಗೆ ಭಾಗಿಸುವ ಬದಲು ಎರಡಕ್ಕೆ ಭಾಗಿಸಿ, ಶಾಲೆಗೆ ಇಬ್ಬರಂತೆ ಇದ್ದಾರೆಂದು ತೃಪ್ತರಾಗುವುದು ಆಡಳಿತಕ್ಕೂ ಶೋಭಿಸದು, ಎಂಜಿನಿಯರುಗಳಿಗೂ ಶೋಭಿಸದು. ಆದುದರಿಂದ ಎಣಿಕೆಯ ಕ್ವೆರಿಯನ್ನು ಬರೆಯುವವರು, ಇನ್ನಾವ ಸಾಲನ್ನು ನೋಡುವ ಮೊದಲು, ಸೊನ್ನೆ ಬರಬೇಕಾದ ಸಾಲೊಂದನ್ನು ತಾವೇ ಆರಿಸಿಕೊಂಡು, ಫಲಿತಾಂಶದಲ್ಲಿ ಅದು ಸೊನ್ನೆಯಾಗಿಯೇ ಬಂದಿದೆಯೆಂಬುದನ್ನು ಖಚಿತಪಡಿಸಿಕೊಳ್ಳುವುದನ್ನು ತಮ್ಮ ವೃತ್ತಿಯ ನಿಯಮವಾಗಿ ಇಟ್ಟುಕೊಳ್ಳಬೇಕು.